ಮಾಳಿಂಗ ಮಗಳ ಶಾಲೆ ಬದಲಿಸಿದ್ದು

ನನ್ನ ತಮ್ಮ ಮಾಳಿಂಗನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಮಲಾಪುರದಿಂದ ಕಲಬುರಗಿಗೆ ಟೆಂಪೋ ಓಡಿಸುತ್ತಾನೆ. ಮಹಾಗಾಂವದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಎದ್ದು ಅಂಗಳಕ್ಕೆ ಹೋಗಿ ಬರುತ್ತಾನೆ. ಇಂಥವನ ತಲೆಯೊಳಗೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಟ್ಯೂಷನ್ ಓದಿ ಸೀಟು ಗಿಟ್ಟಿಸಿದ ಹುಡುಗರ ಸುದ್ದಿ ಹೊಕ್ಕರೆ ಸುಮ್ಮನೆ ಬಿಟ್ಟೀತೇ?

ಅವನ ಮಗಳು ಭಾಗ್ಯಜ್ಯೋತಿ ಒಂಬತ್ತನೆಯ ತರಗತಿವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದಳು. ಬಿಎಸ್ಸಿ ಅಗ್ರಿ ಮಾಡಿ ಕೃಷಿ ಅಧಿಕಾರಿ ಆಗಬೇಕೆಂಬುದೊಂದೇ ಅವಳ ಹಟ.

"ಹತ್ತನೇ ಒಂದ ವರ್ಷ ಶಹರದಾಗ ಓದಿದ್ರ ಸೀಟು ಕೈಗಿ ಬಂದಂಗ, ಅಕ್ಕಾ," ಅಂದ ಮಾಳಿಂಗ.

"ಇಲ್ಲೇ ಚಲೋ ಓದಾಕತ್ತಾಳ, ಯಾಕ ಕಿತ್ತಿ ಒಯ್ತಿ?" ಅಂದೆ. ನನ್ನ ಮಾತು ಅವನ ಕಿವಿಗೆ ಎಲ್ಲಿ ಬೀಳಬೇಕು! ಹುಡುಗಿ ಕಾಲೋನಿಯ ಇಂಗ್ಲಿಷ್ ಶಾಲೆಗೆ ಹೋದಳು. ಅಂಕ ಚೆನ್ನಾಗಿಯೇ ಬಂದವು. ಪಿಯುಸಿ ಮುಗಿಯಿತು, ಸಿಇಟಿಯೂ ಆಯಿತು.

ದಾಖಲೆ ಪರಿಶೀಲನೆಯ ದಿನ ಬಂತು ನೋಡಿ ಕುತ್ತು. ಗ್ರಾಮೀಣ ಕೋಟಾದ ಸೀಟಿಗೆ ಒಂದರಿಂದ ಹತ್ತರವರೆಗೂ ಹಳ್ಳಿಯಲ್ಲೇ ಓದಿರಬೇಕಂತೆ. ಕನ್ನಡ ಮಾಧ್ಯಮದ ಕೋಟಾಕ್ಕೆ ಹತ್ತೂ ವರ್ಷ ಕನ್ನಡದಲ್ಲೇ ಓದಿರಬೇಕಂತೆ.

"ಒಂಬತ್ತ ವರ್ಷ ಓದ್ಯಾಳಲ್ರೀ ಸಾಹೇಬ್ರ, ಅದಕ್ಕ ಕಿಮ್ಮತ್ತೇ ಇಲ್ಲೇನ್ರೀ?" ಎಂದು ಮಾಳಿಂಗ ಮೇಜು ಬಡಿದ. ಏನೂ ನಡೆಯಲಿಲ್ಲ. ಎರಡೂ ಕೋಟಾ ಕೈಬಿಟ್ಟು ಹೋದವು. ಉಳಿದ ಸೀಟುಗಳಿಗೆ ಅವಳ ರ‍್ಯಾಂಕ್ ಸಾಲಲಿಲ್ಲ. ಅವಳಿಗಿಂತ ಹಿಂದಿದ್ದ, ಊರಲ್ಲೇ ಓದಿದ ಗೆಳತಿ ರಾಜೇಶ್ರೀಗೆ ಅಗ್ರಿ ಸೀಟು ಸಿಕ್ಕಿತು. ನನ್ನ ಹೊಟ್ಟೆ ಉರಿದುಹೋಯಿತು, ಸುಳ್ಳು ಯಾಕೆ ಹೇಳಲಿ.

ಭಾಗ್ಯಜ್ಯೋತಿ ಈಗ ಕಲಬುರಗಿಯಲ್ಲಿ ಸಾದಾ ಬಿಎಸ್ಸಿ ಓದುತ್ತಾಳೆ. ಅಪ್ಪನ ಟೆಂಪೋದಲ್ಲೇ ಓಡಾಡಿದರೂ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಮಾಳಿಂಗ ಮಾತ್ರ ಸಿಕ್ಕಸಿಕ್ಕವರ ಮುಂದೆ ಆಫೀಸಿನವರನ್ನು ಬೈದುಕೊಂಡೇ ತಿರುಗುತ್ತಿದ್ದ.

ಈ ಜೂನಿನಲ್ಲಿ ಒಂದು ಬೆಳಿಗ್ಗೆ ನಾನೂ ಕಪನೂರಿನ ದಾಲ್ ಮಿಲ್ಲಿನ ಕೆಲಸಕ್ಕೆ ಅದೇ ಟೆಂಪೋದಲ್ಲಿ ಹೊರಟಿದ್ದೆ. ಕಾಲೇಜಿಗೆ ಹೊರಟ ಭಾಗ್ಯಜ್ಯೋತಿ ಮುಂದೆ ಕೂತಿದ್ದಳು. ನಮ್ಮೂರಿನ ಗುಫ್ರಾನ್ ತನ್ನ ಮಗಳು ಕೌಸರಳನ್ನು ಕರೆದುಕೊಂಡು ಹತ್ತಿದ. ಹುಡುಗಿ ಒಂಬತ್ತನೆಯದು ಪಾಸಾಗಿದ್ದಳು.

"ಎಲ್ಲಿಗಿ ಭಾಯ್, ಮಗಳನ್ನ ಕರ್ಕೊಂಡು?" ಅಂದ ಮಾಳಿಂಗ.

"ನಿನ್ನ ಮಗಳು ಓದಿದ ಸಾಲಿಗೇ ಹಾಕಾಕ ಹೊಂಟೀನಿ, ಮಾಳಿಂಗಣ್ಣ. ಆಫೀಸಿನವ್ರು ಮೋಸ ಮಾಡಿದ್ರೂ ಅಕಿಗಿ ಅಂಕ ಚಲೋ ಬಂದಾವಲ್ಲ, ನಿನ್ನ ನೋಡೇ ನನಗ ಧೈರ್ಯ ಬಂತು."

ಮಾಳಿಂಗ ಗಕ್ಕನೆ ಬ್ರೇಕ್ ಹಾಕಿದ. ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಬಾಯಿಗೆ ಬಂದಂತೆ ಬೈದರು. ಅವನು ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದ.

"ಬ್ಯಾಡ ಭಾಯ್," ಅಂದ. "ಹತ್ತನೇದೂ ಊರಾಗೇ ಓದಲಿ. ಆಫೀಸಿನವ್ರ ತಪ್ಪಲ್ಲ ಅದು. ನನ್ನ ಮಗಳ ಸೀಟು ನಾನೇ ಕಳದೀನಿ."

ಅಷ್ಟು ಮಂದಿಯ ಎದುರು ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ಹಂಗಾದ್ರ ಊರಾಗೇ ಓದ್ತಾಳ ಬಿಡು," ಅಂದ ಗುಫ್ರಾನ್. ಹಿಂದಿನಿಂದ ಯಾರೋ, "ಡ್ಯೂಟಿಗಿ ಲೇಟಾಗಾಕತ್ತದ, ನಡೀರಿ!" ಎಂದು ಕೂಗಿದರು.

ಮುಂದಿನ ಸೀಟಿನಲ್ಲಿದ್ದ ಭಾಗ್ಯಜ್ಯೋತಿ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಗಾಡಿ ಊರಿಗಿ ಹೊಳ್ಳಸು. ನನ್ನ ಕ್ಲಾಸ್ ತಪ್ಪಿದ್ರ ತಪ್ಪಲಿ. ಮೊದಲ ಕೌಸರನ್ನ ನಮ್ಮ ಸಾಲ್ಯಾಗ ಕುಂದ್ರಿಸಿ ಬರೂಣು."