ಬೆಳಗಿನ ಅಳತೆ, ಮಧ್ಯಾಹ್ನದ ಅಳತೆ

ಕೋಲಾರದ ಬಳಿಯ ಕ್ಯಾಲನೂರಿನಲ್ಲಿ ನನ್ನನ್ನು ಮೊದಲು ಮಾತನಾಡಿಸಿದವರು ಹೆಸರು ಕೇಳಲಿಲ್ಲ. ಹಾಲಿಗೆ ನೀರು ಬೆರೆಸಿದ್ದು ನಿಮ್ಮ ಕಂಬಿಗೆ ಗೊತ್ತಾಗುತ್ತದೆಯೇ ಎಂದು ಕೇಳಿದರು. ಬಾಡಿಗೆಗಿದ್ದ ಮನೆಯ ತಾರಸಿಯ ಮೇಲೆ ನಾನು ನಿಲ್ಲಿಸಿದ್ದ ಆಂಟೆನಾವನ್ನು ಎದುರಿನ ಡೈರಿಯ ಸಾಲಿನಲ್ಲಿದ್ದವರೆಲ್ಲ ಓರೆಗಣ್ಣಿನಿಂದ ನೋಡುತ್ತಿದ್ದರು.

ಧಾರವಾಡದಿಂದ ಬಂದದ್ದು ಸಂಶೋಧನೆಯ ಕೆಲಸಕ್ಕೆ. ಕೋಲಾರದಿಂದ ಸಹೋದ್ಯೋಗಿ ರೇಡಿಯೊ ಮೂಲಕ ಸೊನ್ನೆ ಮತ್ತು ಒಂದುಗಳ ಸಾಲು ಕಳಿಸುತ್ತಾರೆ. ಅಲೆ ದಾರಿಯಲ್ಲಿ ಸಿಕ್ಕಿದ್ದಕ್ಕೆಲ್ಲ ತಾಗಿ, ತನ್ನದೇ ಪ್ರತಿಫಲನದೊಂದಿಗೆ ಕೂಡಿ ಆಗಾಗ ಕುಗ್ಗುತ್ತದೆ. ಆಗ ಅಂಕಿಗಳು ತಪ್ಪುತ್ತವೆ. ಸೊನ್ನೆಗೆ ಒಂದು ಆವರ್ತನ, ಒಂದಕ್ಕೆ ಬೇರೊಂದು ಆವರ್ತನ ಕೊಡುವುದು ಒಂದು ವಿಧಾನ. ಅಲೆಯನ್ನೇ ತಲೆಕೆಳಗು ಮಾಡಿ ಅದರ ಹಂತ, ಅಂದರೆ ಫೇಸ್, ಬದಲಿಸುವುದು ಇನ್ನೊಂದು. ಯಾವುದರಲ್ಲಿ ತಪ್ಪು ಕಡಿಮೆ ಎಂದು ನಾನು ವರದಿ ಕೊಡಬೇಕು. ಅದನ್ನು ನಂಬಿ ಯಂತ್ರ ಕಟ್ಟುತ್ತಾರೆ.

ಆವರ್ತನದ ವಿಧಾನವನ್ನು ಬೆಳಿಗ್ಗೆ, ಹಂತದ ವಿಧಾನವನ್ನು ಮಧ್ಯಾಹ್ನ ಅಳೆಯುತ್ತಿದ್ದೆ. ಬೆಳಿಗ್ಗೆ ಪ್ರತಿದಿನ ಒಂದೇ ಹೊತ್ತಿಗೆ ತಪ್ಪುಗಳು ಏರುತ್ತಿದ್ದವು. ಮನೆಯೊಡತಿ ನಂಜಮ್ಮನವರು ಬಟ್ಟೆ ಹರವಲು ತಾರಸಿಗೆ ಹೋಗುತ್ತಿದ್ದದ್ದೂ ಆಗಲೇ. ಆಂಟೆನಾ ಮುಟ್ಟುತ್ತಾರೆಂದು ತಾರಸಿಯ ಬಾಗಿಲಿಗೆ ಬೀಗ ಹಾಕಿದೆ. ಅವರು ಬಟ್ಟೆಯನ್ನು ಹಿತ್ತಲಿಗೆ ಒಯ್ದರು. ಸೀರೆ ಬೇಲಿಯ ಮೇಲೆ ಒಣಗತೊಡಗಿತು. ನಮ್ಮಲ್ಲಾದರೆ ಇಷ್ಟಕ್ಕೆ ಓಣಿಯೆಲ್ಲ ಕೂಡಿ ಜಗಳವಾಗುತ್ತಿತ್ತು. ಇಲ್ಲಿ ಮುದ್ದೆಯೂ, ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟಿನ ಬಸ್ಸಾರೂ ಎಂದಿನಂತೆ ತಟ್ಟೆಗೆ ಬಂದವು. ಅವರು ಜಗಳವಾಡದ್ದರ ಮೇಲೂ ನನಗೆ ಅನುಮಾನ.

ತಪ್ಪುಗಳು ಮಾತ್ರ ಇಳಿಯಲಿಲ್ಲ.

“ಬೀಗ ಯಾಕಮ್ಮ?” ಎಂದು ನಂಜಮ್ಮನವರು ಕಡೆಗೊಮ್ಮೆ ಕೇಳಿದರು. ವಿವರಿಸಿದೆ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ಎಂದಾಗ ನಕ್ಕುಬಿಟ್ಟರು.

“ಒಂದ್ ಹಸೂನ ಬೆಳಿಗ್ಗೆ ಕರ್ದು, ಇನ್ನೊಂದ್ ಹಸೂನ ಸಂಜೆ ಕರ್ದು, ಯಾವ್ದು ಜಾಸ್ತಿ ಕೊಡ್ತು ಅಂತ ಹೇಳ್ತೀಯಾ? ಇಷ್ಟ್ ಓದಿದೀಯಲ್ಲ ತಲ್ಲೀ.” ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ, ಇಲ್ಲಿ ಅಕ್ಕರೆಗೂ ಅದೇ, ಹಂಗಿಸಲಿಕ್ಕೂ ಅದೇ. “ಬೆಳಿಗ್ಗೆ ಎದುರ್ಗೆ ನೋಡು. ವ್ಯಾನು, ಕ್ಯಾನು, ಅಷ್ಟೊಂದ್ ಜನ. ಮಧ್ಯಾಹ್ನ ಒಂದ್ ನಾಯೀನೂ ಇರಲ್ಲ.”

ಮರುದಿನದಿಂದ ಬೆಳಿಗ್ಗೆಯೇ ಒಂದು ನಿಮಿಷ ಇದು, ಒಂದು ನಿಮಿಷ ಅದು ಎಂದು ಕಳಿಸಲು ಕೋಲಾರಕ್ಕೆ ಹೇಳಿದೆ. ಡೈರಿಯ ವ್ಯಾನು ಬಂದು ಅಲೆ ಅದಕ್ಕೆ ತಾಗಿದಾಗ, ಮಧ್ಯಾಹ್ನದ ಅಳತೆ ನೋಡಿ ನಾನು ಮೆಚ್ಚಿದ್ದ ಹಂತದ ವಿಧಾನವೇ ಹೆಚ್ಚು ತಪ್ಪಿತು. ಬರೆದಿಟ್ಟಿದ್ದ ವರದಿಯನ್ನು ಹರಿದು ಹೊಸದಾಗಿ ಬರೆದೆ. ಬೀಗದ ಕೈಯನ್ನು ನಂಜಮ್ಮನವರಿಗೆ ಕೊಟ್ಟೆ. ಅವರು ಸೀರೆ ಹರವಿದರು, ಆಂಟೆನಾದಿಂದ ಒಂದು ಮಾರು ದೂರದಲ್ಲಿ.

ಅವ್ವ ಪತ್ರದಲ್ಲಿ ಕೇಳಿದ್ದಾಳೆ: “ಅಲ್ಲಿ ಚಲೋ ಐತೇನು, ಇಲ್ಲೇ ಚಲೋ ಇತ್ತೇನು?” ಹಿಂದೆಲ್ಲ ಥಟ್ಟನೆ ಉತ್ತರ ಬರೆಯುತ್ತಿದ್ದೆ. ಈಗ ಆ ಉತ್ತರಗಳ ಮೇಲೇ ಅನುಮಾನ. ಧಾರವಾಡವನ್ನು ಅಳೆದದ್ದು ಅವ್ವನ ಜೊತೆಗಿದ್ದಾಗ. ಕ್ಯಾಲನೂರನ್ನು, ಒಬ್ಬಳೇ ಇದ್ದಾಗ. ಒಂದು ನಿಮಿಷ ಅಲ್ಲಿ, ಒಂದು ನಿಮಿಷ ಇಲ್ಲಿ ಇರಲು ನನಗೆ ಬರುವುದಿಲ್ಲ.