ಕೇಸು ಮುಗಿದ ತಾರೀಕು ಹೇಳಿ

ಬೆಳಗಿನ ಆರೂವರೆ. ಕ್ರಿಮಿನಲ್ ಕೋರ್ಟಿನ ಮುಂಬಾಗಿಲಿಗೆ ಇನ್ನೂ ಬೀಗ. ಕಾವಲುಗಾರ ಆಕಳಿಸುತ್ತ ಹಿಂದಿನ ಗೇಟು ತೆಗೆಯುತ್ತಾನೆ. ಒಳಗೆ ಬಂದ ಹೆಂಗಸು ಅವನ ಮುಖವನ್ನೂ ನೋಡದೆ, "ಟಾರ್ಚಿಗೆ ಸೆಲ್ ಹಾಕಿದ್ರಾ?" ಎಂದು ಕೇಳುತ್ತಾರೆ. ಹಾಕಿಲ್ಲ. "ನಿನ್ನೇನೂ ಹಾಕಿರ್ಲಿಲ್ಲ," ಎನ್ನುತ್ತಲೇ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಾರೆ.

ಕೆಳಗೆ ಮೂರು ಕೋಣೆಗಳಿವೆ, ನಲವತ್ತೊಂದು ಕಬ್ಬಿಣದ ಕಪಾಟುಗಳಿವೆ. ಕಪಾಟಿನಲ್ಲಿ ಹಿಡಿಸದ ಹಳೆಯ ಕೇಸುಗಳ ಕಟ್ಟುಗಳನ್ನು ನೆಲದ ಮೇಲೆ ಎದೆಮಟ್ಟಕ್ಕೆ ಪೇರಿಸಿದ್ದಾರೆ. ಆಕೆ ಮೂಗಿಗೆ ಬಟ್ಟೆ ಸುತ್ತಿಕೊಂಡು, ಒಂದು ಮೆಟ್ಟಿಲು ಮುರಿದ ಏಣಿಯನ್ನು ಗೋಡೆಗೆ ಒರಗಿಸಿ ಹತ್ತುತ್ತಾರೆ. ಮೊಬೈಲಿನ ಬೆಳಕಿನಲ್ಲಿ ಕಟ್ಟಿನ ಚೀಟಿ ಓದುತ್ತಾರೆ, ಅಲ್ಲ. ಮುಂದಿನದು, ಅಲ್ಲ. ಆರನೆಯದನ್ನು ಎಳೆದಾಗ ಮೇಲಿಂದ ಧೂಳು ಸುರಿಯುತ್ತದೆ. ಕೆಮ್ಮುತ್ತಲೇ ಹೇಳುತ್ತಾರೆ: "ಹತ್ತು ಗಂಟೆ ಮೇಲೆ ಹುಡುಕೋಕೆ ಆಗಲ್ಲ. ಆಮೇಲೆ ಬರೀ ಉತ್ತರ ಹೇಳೋದೇ ಆಗತ್ತೆ."

ಕೋರ್ಟಿನ ಆವರಣದಲ್ಲಿ ಎಲ್ಲರೂ ಅವರನ್ನು ಕಟ್ಟಕ್ಕ ಎನ್ನುತ್ತಾರೆ. "ಕಟ್ಟು ತೆಗೆದುಕೊಡಿ ಅಕ್ಕಾ" ಎಂಬುದು ಸವೆದು ಸವೆದು ಉಳಿದ ಹೆಸರು. ವಯಸ್ಸು ಐವತ್ಮೂರು. ಹುದ್ದೆ ಇವತ್ತಿಗೂ ಅಟೆಂಡರ್. ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಆಗ ಇದ್ದ ಮುದಿ ರೆಕಾರ್ಡ್ ಗುಮಾಸ್ತರಿಗೆ ಕಣ್ಣಿನ ಪೊರೆ ಬಂದಿತ್ತು. "ಆ ನಂಬರ್ ಏನು ಓದಮ್ಮ," "ಆ ಷರಾ ಏನಿದೆ ನೋಡಮ್ಮ" ಎಂದು ದಿನಕ್ಕೆ ನೂರು ಸಲ ಕರೆಯುತ್ತಿದ್ದರಂತೆ. ಪೊರಕೆ ಪಕ್ಕಕ್ಕಿಟ್ಟು ಓದಿ ಓದಿ, ಗುಮಾಸ್ತರು ನಿವೃತ್ತರಾಗುವ ಹೊತ್ತಿಗೆ ಮೂರು ಕೋಣೆಯ ಲೆಕ್ಕ ಇವರ ತಲೆಯಲ್ಲಿತ್ತು. ಆ ಬಳಿಕ ಹದಿಮೂರು ಮಂದಿ ಅಧಿಕಾರಿಗಳು ಆ ಕುರ್ಚಿಗೆ ಬಂದು ಹೋಗಿದ್ದಾರೆ. "ಬಂದ ದಿನ ಎಲ್ಲ ಸರಿ ಮಾಡ್ತೀನಿ ಅಂತಾರೆ. ಎರಡನೇ ತಿಂಗಳಿಂದ ವರ್ಗಾವಣೆ ಯಾವಾಗ ಅಂತ ಕೇಳ್ತಾರೆ," ಎನ್ನುವಾಗ ಅವರ ದನಿಯಲ್ಲಿ ಕೋಪವೂ ಇಲ್ಲ, ಸುಸ್ತಷ್ಟೇ.

ಹತ್ತಕ್ಕೆ ಕಿಟಕಿ ತೆರೆಯುತ್ತದೆ. ದಿನಕ್ಕೆ ನಲವತ್ತರಿಂದ ಐವತ್ತು ಜನ. ಹಳೆಯ ತೀರ್ಪಿನ ನಕಲು ಬೇಕಾದವರು, ಕೆಲಸಕ್ಕೋ ಪಾಸ್‌ಪೋರ್ಟಿಗೋ ತಮ್ಮ ಮೇಲೆ ಕೇಸಿಲ್ಲವೆಂದು ತೋರಿಸಬೇಕಾದವರು, ಬಾಡಿಗೆಗೆ ಬರುವವನ ಪೂರ್ವಾಪರ ತಿಳಿಯಬೇಕಾದವರು. ಅವರಲ್ಲಿ ಕೇಸ್ ನಂಬರ್ ಇಟ್ಟುಕೊಂಡು ಬರುವವರು ಎಂಟೋ ಹತ್ತೋ. ಮಿಕ್ಕವರು ಕಥೆ ತರುತ್ತಾರೆ. ನಾನು ನಿಂತಿದ್ದ ಅರ್ಧ ಗಂಟೆಯಲ್ಲೇ ಒಬ್ಬರು, "ಆ ಸೇತುವೆ ಹತ್ರ ಆಯ್ತಲ್ಲ ಗಲಾಟೆ, ಅದೇ ಕೇಸು" ಎಂದರು. ಇನ್ನೊಬ್ಬರಿಗೆ ಜಡ್ಜ್ ಸಾಹೇಬರ ಮೀಸೆಯೊಂದು ಬಿಟ್ಟು ಬೇರೇನೂ ನೆನಪಿರಲಿಲ್ಲ.

"ಎಲ್ಲರಿಗೂ ಒಂದೇ ಮಾತು ಹೇಳ್ತೀನಿ," ಎನ್ನುತ್ತಾರೆ ಕಟ್ಟಕ್ಕ. "ಯಾವ ಠಾಣೆ, ದೂರಿನ ನಂಬರ್ ಎಷ್ಟು, ಯಾವ ವರ್ಷ. ಅದಿದ್ರೆ ಠಾಣೆಯ ನಂಬರಿಂದ ಕೋರ್ಟಿನ ನಂಬರ್ ಹಿಡೀಬಹುದು. ಎರಡೂ ಬೇರೆ ಬೇರೆ, ಅದು ಜನಕ್ಕೆ ಗೊತ್ತಿಲ್ಲ. ಕೋರ್ಟಿನ ನಂಬರ್ ಸಿಕ್ಕಿದ ಮೇಲೂ ಕೇಸು ಶುರುವಾದ ವರ್ಷ ಹೇಳ್ತಾರೆ. ಅದನ್ನ ಕಟ್ಕೊಂಡು ನಾನೇನು ಮಾಡ್ಲಿ? ಇಲ್ಲಿ ಕಟ್ಟು ಇಡೋದು ಕೇಸು ಮುಗಿದ ವರ್ಷದ ಮೇಲೆ. ಹುಟ್ಟಿದ ದಿನ ಬೇಡ, ಮುಗಿದ ತಾರೀಕು ಹೇಳಿ ಅಂತ ಕಿಟಕಿ ಮೇಲೆ ಬರೆದು ಅಂಟಿಸಿದ್ದೆ. ಅದರ ಮೇಲೆ ಯಾರೋ ಬಂದು ಜೆರಾಕ್ಸ್ ಅಂಗಡಿ ಜಾಹೀರಾತು ಅಂಟಿಸಿದ್ರು."

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಕೇಳಿ ನಾನು ತಪ್ಪು ಮಾಡಿದೆ. ಆಕೆ ಹಣೆ ಒತ್ತಿಕೊಂಡರು. ಹದಿನೈದು ವರ್ಷಕ್ಕಿಂತ ಹಿಂದಿನ ಕೇಸುಗಳನ್ನು ಕಂಪ್ಯೂಟರಿಗೆ ಹಾಕಿದವರು ಹೊರಗಿನ ಗುತ್ತಿಗೆಯವರು. ಒಂದೇ ಹೆಸರನ್ನು ಐದು ರೀತಿ ಬರೆದಿದ್ದಾರೆ. ತಂದೆಯ ಹೆಸರನ್ನು ಮಗನಿಗೆ, ಮಗನದನ್ನು ತಂದೆಗೆ ಕೊಟ್ಟಿದ್ದಾರೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅದನ್ನು ವಿವರಿಸಲು ಕಟ್ಟಕ್ಕ ಹೋದ ತಿಂಗಳು ಬಂದ ವ್ಯಾನ್ ಡ್ರೈವರನ ಕಥೆ ಹೇಳುತ್ತಾರೆ.

ಅವನು ಹದಿನೆಂಟು ವರ್ಷದಿಂದ ಶಾಲೆಯ ವ್ಯಾನ್ ಓಡಿಸುವವನು. ಮಕ್ಕಳ ವಾಹನ ಓಡಿಸುವವರೆಲ್ಲ ತಮ್ಮ ಮೇಲೆ ಕೇಸಿಲ್ಲವೆಂಬ ಪ್ರಮಾಣಪತ್ರ ತರಬೇಕೆಂದು ಹೊಸ ನಿಯಮ ಬಂತು. ಪೊಲೀಸರ ಕಂಪ್ಯೂಟರ್ ನೋಡಿದರೆ ಇಪ್ಪತ್ತೈದು ವರ್ಷದ ಹಿಂದಿನ ಒಂದು ಹೊಡೆದಾಟದಲ್ಲಿ ಅವನ ಹೆಸರು. ಮುಂದೆ 'ಬಾಕಿ' ಎಂಬ ಎರಡಕ್ಷರ. ಆ ಕೇಸಿನಲ್ಲಿ ಅವನು ಬಿಡುಗಡೆಯಾಗಿದ್ದ. ಠಾಣೆಯಲ್ಲಿ ಕೇಳಿದರೆ ಹಳೆಯ ಕಾಗದ ನಾಶ ಮಾಡಿದ್ದೇವೆ, ಕೋರ್ಟಿನಿಂದ ತನ್ನಿ ಎಂದರು. ಕೋರ್ಟಿನ ಕಂಪ್ಯೂಟರಿನಲ್ಲಿ ಅವನ ಹೆಸರೇ ಇಲ್ಲ. ಒಂದು ಯಂತ್ರ ಕೇಸಿದೆ ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ಇಲ್ಲದ ಕೇಸು ಮುಗಿದಿದೆ ಎಂದು ಬರೆದುಕೊಡುವವರು ಯಾರು? ನಕಲು ವಿಭಾಗದಲ್ಲಿ ನಂಬರ್ ಇಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ. ನಂಬರ್ ಬೇಕಾದರೆ ಅರ್ಜಿ ಹಾಕಿ ಎನ್ನುತ್ತಾರೆ. ಶಾಲೆಯವರು ಅವನ ಕೈಯಿಂದ ವ್ಯಾನಿನ ಕೀ ತೆಗೆದುಕೊಂಡು ಹತ್ತು ದಿನದ ಗಡುವು ಕೊಟ್ಟಿದ್ದರು. ಮಕ್ಕಳ ತಂದೆತಾಯಿಯರ ಗುಂಪಿನಲ್ಲಿ ಆಗಲೇ ಪಿಸುಮಾತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂಥ ಸ್ಥಿತಿ.

ನಾಲ್ಕು ದಿನ ಅಲೆದು ಅವನು ಕಟ್ಟಕ್ಕನ ಕಿಟಕಿಗೆ ಬಂದ. ಅವರು ಮಾಮೂಲಿನಂತೆ ಕೇಳಿದರು, ಕೇಸು ಮುಗಿದದ್ದು ಯಾವಾಗ?

"ನೆನಪಿಲ್ಲ ಅಕ್ಕ. ಬಿಸಿಲಿತ್ತು."

"ನಿಮ್ಮ ಬಿಡುಗಡೆ ದಿನ ನಿಮಗೇ ನೆನಪಿಲ್ಲ. ನನಗೆಲ್ಲಿಂದ ಇರತ್ತೆ? ಹೋಗಿ ಹೆಂಡತಿನ ಕರ್ಕೊಂಡು ಬನ್ನಿ."

ಇದು ಕಟ್ಟಕ್ಕನ ಹಳೆಯ ಉಪಾಯ. "ಗಂಡಸರಿಗೆ ಯಾರು ಯಾರಿಗೆ ಹೊಡೆದ್ರು ಅನ್ನೋದು ನೆನಪಿರತ್ತೆ, ಹೆಂಗಸರಿಗೆ ದಿನ ನೆನಪಿರತ್ತೆ," ಎನ್ನುತ್ತಾರೆ. ಮಾರನೆಯ ದಿನ ಬಂದ ಹೆಂಡತಿ ಯೋಚಿಸಲೂ ಇಲ್ಲ. "ಇವರು ಬಿಡುಗಡೆಯಾಗಿ ಮನೆಗೆ ಬಂದಾಗ ದೊಡ್ಡವಳಿಗೆ ಮೊದಲನೇ ಹಲ್ಲು ಬಂದಿತ್ತು. ಇವರ ಬೆರಳು ಕಚ್ಚಿದ್ಲು," ಎಂದಳು. ಮಗಳ ಹುಟ್ಟಿದ ತಾರೀಕಿಗೆ ಏಳು ತಿಂಗಳು ಕೂಡಿಸಿದರು. ವರ್ಷ ಸಿಕ್ಕಿತು, ತಿಂಗಳೂ ಹೆಚ್ಚುಕಡಿಮೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಕಟ್ಟಕ್ಕ ಆ ವರ್ಷದ ರಿಜಿಸ್ಟರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಓದಿದರು. ಎರಡು ಸಾವಿರದ ಮುನ್ನೂರು ಚಿಲ್ಲರೆ ಕೇಸುಗಳು. ಡ್ರೈವರನ ಹೆಸರಿಲ್ಲ. ಅದರ ಹಿಂದಿನ ವರ್ಷದ್ದು ನೋಡಿದರು, ಮುಂದಿನದನ್ನೂ ನೋಡಿದರು. ಇಲ್ಲ. ಗಡುವಿನ ಎಂಟನೆಯ ದಿನ ಅವನು ಹೆಂಡತಿಯ ಜೊತೆ ಬಂದಾಗ ಕಟ್ಟಕ್ಕನಿಗೂ ತಾಳ್ಮೆ ತಪ್ಪಿತ್ತು.

"ಆ ಹೊಡೆದಾಟದಲ್ಲಿ ನೀವೊಬ್ಬರೇನಾ ಇದ್ದಿದ್ದು?"

ಹೆಂಡತಿಯೇ ಹೇಳಿದಳು. "ಐದು ಜನ. ಮೊದಲನೆಯವರು ಇವರ ಅಣ್ಣ."

"ಅಣ್ಣನ ಹೆಸರು ಯಾಕೆ ಹೇಳಿಲ್ಲ?"

"ಆ ಹೆಸರು ನಮ್ಮನೇಲಿ ಹೇಳಲ್ಲ," ಎಂದ ಡ್ರೈವರ್.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಹಳೆಯ ರಿಜಿಸ್ಟರುಗಳಲ್ಲಿ ಬರೆಯುತ್ತಿದ್ದುದು ಮೊದಲನೆಯ ಆರೋಪಿಯ ಹೆಸರು ಮಾತ್ರ. ಉಳಿದವರು 'ಮತ್ತು ನಾಲ್ವರು'. ಗುತ್ತಿಗೆಯವರು ಕಂಪ್ಯೂಟರಿಗೂ ಅಷ್ಟನ್ನೇ ಹಾಕಿದ್ದರು. "ಎಷ್ಟು ಸಾವಿರ ಜನ ಈ 'ಮತ್ತು' ಒಳಗೆ ಸಿಕ್ಕಿಬಿದ್ದಿದ್ದಾರೋ," ಎನ್ನುತ್ತಾರೆ ಕಟ್ಟಕ್ಕ.

ಗೋದಾಮಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಹಮಾಲಿಗಳಾಗಿದ್ದಾಗಿನ ಜಗಳ ಅದು. ವಿಚಾರಣೆಯ ನಡುವೆ ಅಣ್ಣ ಕಣ್ಮರೆಯಾದ. ಅವನನ್ನು ಹುಡುಕಿಕೊಂಡು ಬಂದವರಿಗೆಲ್ಲ ಉತ್ತರ ಕೊಟ್ಟವನು ತಮ್ಮ. "ನಮ್ಮನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸಿ ಓಡಿಹೋದ. ಅಪ್ಪ ಸತ್ತಾಗ್ಲೂ ಬರಲಿಲ್ಲ. ಇವತ್ತಿಗೂ ಎಲ್ಲೋ ಅಡಗಿಕೊಂಡೇ ಇರ್ತಾನೆ," ಎಂದನಂತೆ ಡ್ರೈವರ್.

ಹೆಸರು ಸಿಕ್ಕಿದ ಮೇಲೆ ಇಪ್ಪತ್ತು ನಿಮಿಷದ ಕೆಲಸ. ಎರಡನೆಯ ಕೋಣೆ, ಹದಿನೇಳನೆಯ ಕಪಾಟು, ಹೆಂಡತಿ ಹೇಳಿದ ತಿಂಗಳಿನದೇ ಕಟ್ಟು. ಗೆದ್ದಲು ಅಂಚು ತಿಂದಿತ್ತು, ಅಕ್ಷರ ಉಳಿಸಿತ್ತು. ಎರಡರಿಂದ ಐದನೆಯ ಆರೋಪಿಗಳು ನಿರ್ದೋಷಿಗಳು. ಒಂದನೆಯವನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ, ಗೈರುಹಾಜರಿ, ಕೇಸು ಬೇರ್ಪಡಿಸಿದೆ. ಪಕ್ಕದಲ್ಲೊಂದು ಹೊಸ ನಂಬರ್.

ಕೇಳಿದ್ದು ಸಿಕ್ಕಿತ್ತು. ಕಟ್ಟಕ್ಕ ಅಲ್ಲಿಗೇ ಕೈ ತೊಳೆದುಕೊಳ್ಳಬಹುದಿತ್ತು. "ಆದ್ರೆ ಒಂದು ನಂಬರ್ ಕಂಡ್ರೆ ಅದು ಎಲ್ಲಿಗೆ ಹೋಯ್ತು ಅಂತ ನೋಡದೆ ನನಗೆ ಊಟ ಸೇರಲ್ಲ," ಎನ್ನುತ್ತಾರೆ. ಹೊಸ ನಂಬರಿನ ಜಾಡು ಹಿಡಿದರೆ ಅದು ಮೂರನೆಯ ಕೋಣೆಗೆ ಹೋಯಿತು. ಅಣ್ಣ ಏಳು ವರ್ಷದ ಬಳಿಕ ತಾನಾಗಿಯೇ ಕೋರ್ಟಿಗೆ ಬಂದು ಶರಣಾಗಿದ್ದ. ಮೂರು ತಿಂಗಳು ಜೈಲಿನಲ್ಲಿದ್ದ. ಅದೇ ಸಾಕ್ಷಿಗಳು, ಅದೇ ಮಾತು. ಅವನೂ ನಿರ್ದೋಷಿ. ತೀರ್ಪಿನ ಮೊದಲ ಪುಟದಲ್ಲಿ ಎಂದಿನಂತೆ ಆರೋಪಿಯ ವಿಳಾಸವಿತ್ತು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿಯ ಒಂದು ಪಟ್ಟಣ.

ಇದನ್ನು ಹೇಗೆ ಹೇಳುವುದು ಎಂಬುದು ಕಟ್ಟಕ್ಕನಿಗೆ ತಿಳಿಯಲಿಲ್ಲ. ಸಾಂತ್ವನ ಹೇಳುವುದು ಅವರ ಕೆಲಸವಲ್ಲ, ಅಭ್ಯಾಸವೂ ಇಲ್ಲ. ಡ್ರೈವರನಿಗೆ ಅವನ ತೀರ್ಪಿನ ನಂಬರ್ ಬರೆದುಕೊಟ್ಟರು. ಕೆಳಗೆ ಇನ್ನೊಂದು ನಂಬರ್ ಬರೆದು, "ಇದು ನಿಮ್ಮ ಅಣ್ಣಂದು. ಮುಗಿದು ಹದಿನೇಳು ವರ್ಷ ಆಯ್ತು. ಅವರು ಎಲ್ಲೂ ಅಡಗಿಲ್ಲ. ನಕಲು ಬೇಕಿದ್ರೆ ಇನ್ನೊಂದು ಅರ್ಜಿ ಹಾಕಿ," ಎಂದರು.

ಅವನು ಚೀಟಿಯ ಎರಡನೆಯ ನಂಬರನ್ನು ಮತ್ತೆ ಮತ್ತೆ ಓದಿದ. ಹಿಂದಿನ ಸಾಲಿನವರು ಗೊಣಗಲು ಶುರುಮಾಡಿದರು. ಹೆಂಡತಿ ಅವನ ಜೇಬಿನಿಂದ ಪೆನ್ನು ತೆಗೆದುಕೊಂಡು, ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು, ತಾನೇ ಎರಡನೆಯ ಅರ್ಜಿ ಬರೆದಳು. ಕೊನೆಯಲ್ಲಿ ಸಹಿಗೆ ಅವನ ಮುಂದೆ ಹಿಡಿದಳು. ಅವನು ಸಹಿ ಹಾಕಿದ.

ಹತ್ತನೆಯ ದಿನ ಸಂಜೆ ನಾಲ್ಕಕ್ಕೆ ಎರಡೂ ನಕಲು ಅವನ ಕೈಸೇರಿದವು. ವ್ಯಾನಿನ ಕೀ ವಾಪಸ್ಸು ಬಂತು. ಅಣ್ಣನ ಊರಿಗೆ ಹೋದನೇ ಎಂದು ಕೇಳಿದೆ. "ಗೊತ್ತಿಲ್ಲ. ಕಾಗದ ಸಿಕ್ಕಿದ ಮೇಲೆ ಮುಂದೇನಾಯ್ತು ಅಂತ ಹೇಳೋಕೆ ಇಲ್ಲಿಗೆ ಯಾರೂ ಬರಲ್ಲ. ಸಿಗದೇ ಇದ್ರೆ ಮಾತ್ರ ದಿನಾ ಬರ್ತಾರೆ," ಎಂದರು.

ಕಟ್ಟಕ್ಕನ ಗಂಡ ಬೇಕರಿಯ ಒಲೆಯ ಮುಂದೆ ದುಡಿಯುವವರು. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಧೂಳಿನ ಕೆಮ್ಮು ಹತ್ತು ವರ್ಷದಿಂದ ಬಿಟ್ಟಿಲ್ಲ. ಮಗಳು ತಂದುಕೊಟ್ಟ ಮುಖಗವಸು ಹಾಕಿದರೆ ಕನ್ನಡಕ ಮಂಜಾಗಿ ನಂಬರ್ ಕಾಣುವುದಿಲ್ಲವಂತೆ. ಗಂಡನನ್ನು ಮಾತಾಡಿಸಿದಾಗ ಅವರ ದೂರು ಬೇರೆಯೇ ಇತ್ತು. "ಮನೇಲಿ ನನ್ನ ಬೀಗದಕೈ ಎಲ್ಲಿದೆ ನೋಡೇ ಅಂದ್ರೆ, ಕೊನೇ ಸಲ ನೋಡಿದ ತಾರೀಕು ಹೇಳಿ ಅಂತಾಳೆ."

ಬಡ್ತಿ ಕೇಳಿಲ್ಲವೇ? ಕೇಳಿದ್ದಾರೆ, ಪರೀಕ್ಷೆ ಪಾಸಾಗಬೇಕಂತೆ. ಅವರು ಮೇಲಿನ ಕಚೇರಿಗೆ ನಾಲ್ಕು ಸಲ ಬರೆದದ್ದು ಬೇರೊಂದು ವಿಷಯಕ್ಕೆ. ನಕಲಿನ ಅರ್ಜಿ ನಮೂನೆಯಲ್ಲಿ ಒಂದೇ ಒಂದು ಸಾಲು ಸೇರಿಸಿ, ಜೊತೆಗೆ ಆರೋಪಿಗಳಾಗಿದ್ದವರ ಹೆಸರು ಎಂದು. ನಾಲ್ಕು ಸಲವೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ. "ಒಂದು ಗೆರೆ ಎಳೆಯೋಕೆ ಎಷ್ಟು ವರ್ಷ ಪರಿಶೀಲಿಸ್ತಾರೆ?" ಎನ್ನುತ್ತಾರೆ. ನಿವೃತ್ತಿಗೆ ಏಳು ವರ್ಷವಿದೆ. ಅಷ್ಟರೊಳಗೆ ಆ ಗೆರೆ ನೋಡಿ ಹೋಗಬೇಕು ಎಂಬುದೊಂದೇ ಆಸೆ.

ಹೊರಡುವ ಮುಂಚೆ, ಹುಡುಕಿಯೂ ಸಿಗದೆ ಹೋದದ್ದು ಎಷ್ಟು ಎಂದು ಕೇಳಿದೆ. ಕಟ್ಟಕ್ಕ ಒಂದು ಕಟ್ಟಿನ ದಾರ ಬಿಗಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಸಲ 'ಲಭ್ಯವಿಲ್ಲ' ಅಂತ ಬರೆದುಕೊಟ್ಟಿದ್ದೀನಿ," ಎಂದರು. "ಅದ್ರಲ್ಲಿ ಮೂರು ಆಮೇಲೆ ಸಿಕ್ತು. ಅವರ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಉಳಿದದ್ದು ಎಂಟು."