ಹಿಡಿ ಎಡಕ್ಕಿರುವ ಕುಲುಮೆ

ಬೆಳಗಿನ ಐದೂಮುಕ್ಕಾಲು. ಬೀದಿನಾಯಿಗಳೂ ಇನ್ನೂ ಮೈ ಮುರಿದಿಲ್ಲ. ಕಿಡಿಯಣ್ಣ ಗಾಳಿಕೊಳವೆಯ ಬಾಯಿಗೆ ಮೂಗು ಹಚ್ಚಿ ಮೂಸುತ್ತಿದ್ದಾರೆ. ಎದ್ದು ಹೋಗಿ ಅಂಗಡಿಯ ಎರಡೂ ಬಾಗಿಲು ತೆರೆದು, ಮತ್ತೆ ಬಂದು ಮೂಸುತ್ತಾರೆ. ಕುಲುಮೆಗೆ ಬೆಂಕಿಯನ್ನೇ ಹಾಕಿಲ್ಲ, ಹೊಗೆ ಎಲ್ಲಿಂದ ಬರಬೇಕು? "ಅದು ನನಗೂ ಗೊತ್ತು. ಆದ್ರೂ ಜೀವ ಕೇಳಬೇಕಲ್ಲ" ಎನ್ನುತ್ತಾರೆ. 

ಐವತ್ತೆಂಟರ ಈ ಕಮ್ಮಾರರಿಗೆ ಬೀದಿಯವರು ಇಟ್ಟ ಹೆಸರು ಕಿಡಿಯಣ್ಣ. ಹೆಸರಿಗೇನೋ ಕಿಡಿ, ಆದರೆ ಈಗೀಗ ಬೆಂಕಿಕಡ್ಡಿ ಗೀರುವಾಗಲೂ ಮುಖ ಆಚೆ ತಿರುಗಿಸುವ ಮನುಷ್ಯ. ಅವರ ಮುಂದೆ ನಿಂತಿರುವುದು ಬೀಡು ಕಬ್ಬಿಣದ ಹಳೇ ಕಲ್ಲಿದ್ದಲು ಕುಲುಮೆ. ಮಂಚದಷ್ಟು ಅಗಲ, ನಾಲ್ಕು ದಪ್ಪ ಕಾಲು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಳಿಚಕ್ರ. ವಯಸ್ಸು ನೂರರ ಮೇಲೆ. ಎಂಟು ಜನ ಸರಪಳಿ ಬಿಗಿದು, ಉಸಿರು ಬಿಗಿಹಿಡಿದು, ಇದನ್ನು ಒಳಗೆ ತಂದದ್ದು ಕಳೆದ ವಾರ. ಇವತ್ತು ಇದಕ್ಕೆ ಇಲ್ಲಿ ಮೊದಲ ಬೆಂಕಿ.

ಊರಾಚೆಯ ಕಲ್ಲುಗಣಿಯ ಸಲಕರಣೆಗಳೆಲ್ಲ ಹದವಾಗುವುದು ಈ ಅಂಗಡಿಯಲ್ಲೇ. ದಿನಕ್ಕೆ ನಲವತ್ತು ಉಳಿ, ಹತ್ತು ಹನ್ನೆರಡು ಹಾರೆ, ಒಂದೂವರೆ ಮೂಟೆ ಕಲ್ಲಿದ್ದಲು. ಆಳುದ್ದದ ಹಾರೆಯನ್ನು ನಡುವಿನಲ್ಲಿ ಕಾಯಿಸಲು ಸಣ್ಣ ಒಲೆ ಸಾಲದು, ಹಳೇ ಕಾಲದ ದೊಡ್ಡ ಕುಲುಮೆಯೇ ಬೇಕು. ಇಂಥ ಕುಲುಮೆಗೆ ಇಬ್ಬರು ಬೇಕು. ಇವರು ಕಬ್ಬಿಣ ನೋಡಿಕೊಂಡರೆ ಹೆಂಡತಿ ಚಕ್ರ ತಿರುಗಿಸಬೇಕು. ಗಂಡ ಬೀದಿಗೆಲ್ಲ ಅಣ್ಣನಾದ ಮೇಲೆ ಹೆಂಡತಿ ಬೀದಿಗೆಲ್ಲ ಅತ್ತಿಗೆ. ಇಪ್ಪತ್ತಾರು ವರ್ಷ ಈ ಅತ್ತಿಗೆ ತಿರುಗಿಸಿದ ಗಾಳಿಯಲ್ಲೇ ಗಣಿಯ ಉಳಿಗಳು ಕೆಂಪಾಗಿವೆ.

ಕುಲುಮೆಗೊಂದು ಕೆಟ್ಟ ಗುಣವಿದೆ. ಗಾಳಿ ನಿಂತರೆ ಹೊಸ ಕಲ್ಲಿದ್ದಲಿನ ಹೊಗೆ ಮೇಲೆ ಹೋಗುವುದು ಬಿಟ್ಟು ಕೆಳಗಿನ ಕೊಳವೆಗೆ ಇಳಿಯುತ್ತದೆ. ಅಡಿಯಲ್ಲಿ ಬೂದಿಬಾಗಿಲು ಎಂದೊಂದು ಮುಚ್ಚಳ. ಸರಪಳಿ ಎಳೆದು ಅದನ್ನು ತೆರೆದರೆ ಹೊಗೆ ಆಚೆ ಹೋಗುತ್ತದೆ. ತೆರೆಯದೆ ಮತ್ತೆ ಚಕ್ರ ತಿರುಗಿಸಿದರೆ ಕೊಳವೆಯೇ ಮದ್ದುಗುಂಡಾಗುತ್ತದೆ. ಹಾಗಂತ ಕಂಡಕಂಡಾಗ ತೆರೆಯುವಂತಿಲ್ಲ, ಕೆಂಡ ಕೆಳಗೆ ಸುರಿದು ಕಬ್ಬಿಣದ ಕಾವು ಇಳಿದುಹೋಗುತ್ತದೆ. ಅದಕ್ಕೇ ಕಿಡಿಯಣ್ಣ ಹಾಕಿದ್ದ ಕಟ್ಟುಪಾಡು ಒಂದೇ: ತಾವು "ಬಾಗಿಲು" ಎಂದು ಕೂಗುವ ತನಕ ಸರಪಳಿಯನ್ನು ಯಾರೂ ಮುಟ್ಟಕೂಡದು.

ಎರಡು ವರ್ಷದ ಹಿಂದಿನ ಮಾತು. ಆಗಿದ್ದದ್ದು ಬೇರೆ ಕುಲುಮೆ. ಆಗಷ್ಟೇ ಕಲ್ಲಿದ್ದಲು ಸುರಿದಾಗಿತ್ತು. ಗಣಿಯ ಮೇಸ್ತ್ರಿ ಬಂದು ಅಂಗಡಿಯ ಬಾಗಿಲಲ್ಲಿ ಮಾತಿಗೆ ನಿಂತ. ಹಾರೆಯ ಮೊನೆ ಸಪೂರ ಇರಬೇಕೋ ದಪ್ಪ ಇರಬೇಕೋ ಎಂಬ ವಾದ. ಚಕ್ರ ನಿಂತಿತು. ಕಿಡಿಯಣ್ಣ ವಾದ ಗೆದ್ದು ಒಳಗೆ ಬಂದು, "ಹೂಂ, ತಿರುಗಿಸು" ಎಂದರು. ಅರ್ಧ ಸುತ್ತು ತಿರುಗಿತೋ ಇಲ್ಲವೋ, ಕೊಳವೆಯ ತುದಿಯ ಮುಚ್ಚಳ ಕಿತ್ತುಬಂದು ಅತ್ತಿಗೆಯ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು. ಅವತ್ತಿನಿಂದ ಅವರ ಎಡಕಿವಿ ಕೇಳುವುದಿಲ್ಲ.

"ತಪ್ಪು ನಂದೇ. ಬಾಗಿಲು ಅನ್ನೋ ಒಂದು ಮಾತು ಮರೆತೆ" ಎನ್ನುತ್ತಾರೆ ಕಿಡಿಯಣ್ಣ. ಆ ಕುಲುಮೆಯನ್ನು ಸುತ್ತಿಗೆಯಲ್ಲಿ ತಾವೇ ಒಡೆದು ಗುಜರಿಗೆ ಹಾಕಿದರಂತೆ. ಬಾಮೈದ ಬಂದು, "ಬಾವ, ಕರೆಂಟಿನ ಫ್ಯಾನ್ ಹಾಕ್ಬಿಡಿ, ಅಕ್ಕಂಗೆ ಯಾಕೆ ಈ ಉಸಾಬರಿ" ಎಂದಾಗ ಇವರು ಕೊಟ್ಟ ಉತ್ತರ: "ಕರೆಂಟು ಹೇಳಿ ಹೋಗುತ್ತೇನಯ್ಯಾ? ಅದು ಹೋದ ಗಳಿಗೇಲಿ ಹೊಗೆ ಕೊಳವೆಗೆ ಇಳೀತು ಅಂದ್ರೆ?" ಒಬ್ಬರೇ ಒಂದು ಕೈಯಲ್ಲಿ ಚಕ್ರ, ಒಂದು ಕೈಯಲ್ಲಿ ಇಕ್ಕಳ ಹಿಡಿದು ಬಾಡಿಗೆಯ ಪುಟ್ಟ ಒಲೆಯ ಮುಂದೆ ಒದ್ದಾಡಿದರು. ಸುಟ್ಟು ಹಾಳಾದ ಉಳಿಗಳಿಗೆ ಲೆಕ್ಕವಿಲ್ಲ. ಹೆಂಡತಿಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅತ್ತಿಗೆಯೂ ಸುಮ್ಮನಿರುವವರಲ್ಲ. "ಇಪ್ಪತ್ತಾರು ವರ್ಷ ತಿರುಗಿಸಿದ ಕೈ. ಮನೇಲಿ ಕೂತ್ರೆ ಮೈಯೆಲ್ಲಾ ಹಿಡ್ಕೊಳ್ಳುತ್ತೆ" ಎಂದು ದಿನಾ ಜಗಳ.

ಕೊನೆಗೆ ಇವರು ಒಪ್ಪಿದರು. ಒಪ್ಪಿದ್ದು ಒಂದು ಷರತ್ತಿನ ಮೇಲೆ. ಹಳೇ ಕುಲುಮೆಯ ಚಕ್ರದ ಹಿಡಿ ಬಲಕ್ಕಿತ್ತು, ಅಲ್ಲಿ ಕೂತರೆ ಅತ್ತಿಗೆಯ ಎಡಕಿವಿ ಇವರ ಕಡೆಗೆ. ಹಿಡಿ ಎಡಕ್ಕಿರುವ ಕುಲುಮೆ ಸಿಕ್ಕರೆ ಕೇಳುವ ಕಿವಿ ಇತ್ತ ಬರುತ್ತದೆ, ಕೂಗು ತಲುಪುತ್ತದೆ. ತಿರುಗಿ ಕೂರಬಹುದಲ್ಲ ಎಂದರೆ, ಬೆಂಕಿಗೆ ಬೆನ್ನು ಹಾಕಿ ಗಾಳಿ ಹೊಡೆಯಲಾದೀತೇ ಎಂಬ ಮರುಪ್ರಶ್ನೆ. ಹೀಗೆ ಏಳು ಗುಜರಿ ಅಂಗಡಿ ಸುತ್ತಿ, ಹನ್ನೊಂದು ಹಳೇ ಕುಲುಮೆ ನೋಡಿದರು. ಮಡಕೆ ಕೊಳ್ಳುವವರ ಹಾಗೆ ಒಂದೊಂದನ್ನೂ ಬಡಿದು, ಬಿರುಕಿನ ಸದ್ದು ಬರುತ್ತದೆಯೇ ಎಂದು ಆಲಿಸಿದರು. ಮುಚ್ಚಿಹೋದ ರೈಲು ಕಾರ್ಖಾನೆಯ ಸಾಮಾನುಗಳ ನಡುವೆ ಕೊನೆಗೂ ಇದು ಸಿಕ್ಕಿತು. ಗುಜರಿಯವನಿಗೆ ಈಗಲೂ ನಗು: "ಎಲ್ರೂ ರೇಟು ಕೇಳ್ತಾರೆ. ಈ ಯಜಮಾನ್ರು ಮಾತ್ರ ಹಿಡಿ ಯಾವ ಕಡೆ ಅಂತ ಕೇಳ್ತಾರೆ."

ಬೀಡು ಕಬ್ಬಿಣಕ್ಕೆ ನೇರ ಬೆಂಕಿ ತಾಗಿದರೆ ಸೀಳುತ್ತದೆ. ಆದ್ದರಿಂದ ಕುಲುಮೆಯ ಒಳಗೆಲ್ಲ ಜೇಡಿಮಣ್ಣು ಮೆತ್ತಿ ಐದು ದಿನ ಒಣಗಿಸಿದ್ದಾರೆ. ಆರೂಕಾಲಕ್ಕೆ ಅತ್ತಿಗೆ ಸೆರಗು ಬಿಗಿದುಕೊಂಡು ಎಡಗಡೆಯ ಸ್ಟೂಲಿನ ಮೇಲೆ ಕೂರುತ್ತಾರೆ. "ಕೇಳಿಸ್ತಾ?" ಎನ್ನುತ್ತಾರೆ ಕಿಡಿಯಣ್ಣ. "ಕೇಳಿಸ್ತು." ಎರಡು ಹೆಜ್ಜೆ ಹಿಂದೆ ಹೋಗಿ, "ಈಗ?" "ಪಕ್ಕದ ಬೀದಿಗೂ ಕೇಳಿಸ್ತು ರೀ, ಬೆಂಕಿ ಹಾಕಿ."

ಚಕ್ರ ತಿರುಗುತ್ತದೆ. ಹಳದಿ ಹೊಗೆ ಏಳುತ್ತದೆ, ಆಮೇಲೆ ಜ್ವಾಲೆ. ಇದ್ದಕ್ಕಿದ್ದಂತೆ ಒಳಗಿನಿಂದ ಟಪ್ ಎಂದು ಸದ್ದು. ಕಿಡಿಯಣ್ಣ ಇಕ್ಕಳ ಬಿಸಾಡಿ ಹೆಂಡತಿಯನ್ನು ಸ್ಟೂಲಿನ ಸಮೇತ ಹಿಂದಕ್ಕೆ ಎಳೆಯುತ್ತಾರೆ.  "ಒಳಗೆ ಹಸಿ ಉಳಿದಿದ್ದ ಮಣ್ಣು ಸಿಡಿದದ್ದು ರೀ" ಎಂದು ಅತ್ತಿಗೆ, ಹೊಗೆ ಕೆಳಗಿಳಿಯುವ ಮೊದಲೇ, ಸ್ಟೂಲನ್ನು ಮತ್ತೆ ಎಳೆದುಕೊಂಡು ಕೂತು ಚಕ್ರ ಹಿಡಿಯುತ್ತಾರೆ. ಆದರೆ ಅವರ ಕೊರಳೂ ಬೆವರಿದೆ.

ಮೊದಲ ಹಾರೆ ಕೆಂಪಾಗಿ, ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಕಿಡಿಯಣ್ಣ ಅದನ್ನೆಳೆದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಡುತ್ತಾರೆ. ಚಕ್ರ ನಿಲ್ಲುತ್ತದೆ. ಈಗ ಕೂಗಬೇಕು. ಬಾಯಿ ತೆರೆಯುತ್ತಾರೆ, ಸ್ವರವೇ ಹೊರಡುವುದಿಲ್ಲ. ಏಳು ಗುಜರಿ ಅಂಗಡಿ ಅಲೆದದ್ದು ಈ ಒಂದು ಕೂಗಿಗಾಗಿ. ಕುಲುಮೆಯ ಹೊಗೆ ದಪ್ಪಗಾಗುತ್ತದೆ, ಆಮೇಲೆ ಕೆಳಮುಖವಾಗುತ್ತದೆ.

ಸರಪಳಿ ಝಣ್ ಎನ್ನುತ್ತದೆ. ಬೂದಿಬಾಗಿಲು ತೆರೆದು ನಾಲ್ಕು ಕೆಂಡ ನೆಲಕ್ಕೆ ಬೀಳುತ್ತವೆ, ಹೊಗೆ ಆಚೆ ಹೋಗುತ್ತದೆ. ಎಳೆದದ್ದು ಅತ್ತಿಗೆ. ಬಾಗಿಲು ತೆರೆದೇ ಇಟ್ಟು ಎರಡು ಸುತ್ತು ಗಾಳಿ ಹೊಡೆದು ಕೊಳವೆ ಖಾಲಿ ಮಾಡುತ್ತಾರೆ. ಏನೂ ಆಗುವುದಿಲ್ಲ.

"ನಾನು ಹೇಳೇ ಇಲ್ವಲ್ಲ" ಎನ್ನುತ್ತಾರೆ ಕಿಡಿಯಣ್ಣ, ಸ್ವರ ಬಂದ ಮೇಲೆ.

"ಅವತ್ತೂ ಹೊಗೆ ಇಳಿಯೋದು ನನಗೆ ಕಂಡಿತ್ತು ರೀ. ನೀವು ಹೇಳ್ಲಿ ಅಂತ ಕಾದೆ. ಕಿವಿ ಹೋದದ್ದು ಹಾಗೆ" ಎನ್ನುತ್ತಾರೆ ಅತ್ತಿಗೆ, ಬೂದಿಬಾಗಿಲು ಮುಚ್ಚುತ್ತ. "ಇನ್ಮೇಲೆ ಈ ಸರಪಳಿ ನಂದು. ನೀವು ಹಾರೆ ನೋಡ್ಕೊಳ್ಳಿ, ಆರ್ತಾ ಇದೆ."